ಸಂಗೀತ ಸಭೆಯಲ್ಲಿ ಸಭಿಕರ ಧರ್ಮ

ಹಾಡುವವರ ಗುಣದೋಷಗಳನ್ನು ವಿಮರ್ಶಿಸತಕ್ಕ ಲೇಖನಗಳು ನಮ್ಮ ಪತ್ರಿಕೆಗಳಲ್ಲಿ ಆಗಾಗ್ಗೆ ಪ್ರಕಟವಾಗುತ್ತಿರುವುವು. ವಿದ್ವಾಂಸರ ಶ್ರುತಿ ಸೇರಿತೇ, ಲಯ ನಿಂತಿತೇ, ಸಾಹಿತ್ಯದ ಉಚ್ಚಾರಣೆ ಶುದ್ಧವಾಗಿದ್ದಿತೇ ಎಂದು ತೂಗಿ ನೋಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ವೇದಿಕೆಯ ಕೆಳಗೆ ಕುಳಿತಿರುವ ನಮ್ಮ ಗುಣದೋಷಗಳನ್ನು ತೂಗುವವರು ಯಾರು? ಸಂಗೀತವೆಂಬುದು ಹಾಡುವವರೊಬ್ಬರಿಂದಲೇ ಆಗತಕ್ಕ ಕಾರ್ಯವಲ್ಲ. ಕೇಳುವವರಿಲ್ಲದೆ ಹಾಡಿದರೆ ಅದು ಸಾಧನೆಯಾದೀತು, ಕಚೇರಿಯಾಗಲಾರದು. ಕಚೇರಿಯ ಅರ್ಧಭಾಗ ಸಭಿಕರ ಕೈಯಲ್ಲಿದೆ. ಆ ಅರ್ಧಭಾಗವನ್ನು ಕುರಿತು ಈ ದಿನ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ.

ಈ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಕಳೆದ ರಾಮನವಮಿಯ ಉತ್ಸವಗಳ ಕಾಲದಲ್ಲಿ ಒಂದು ಪಟ್ಟಣದ ಸಭೆಯವರು ನಮ್ಮನ್ನೂ ಅತಿಥಿಗಳಲ್ಲೊಬ್ಬರನ್ನಾಗಿ ಕರೆದಿದ್ದರು. ಹಾಡಿದವರು ಎಪ್ಪತ್ತನ್ನು ದಾಟಿದ ವಯೋವೃದ್ಧರು. ವರ್ಣವಾಯಿತು, ಎರಡು ಕೃತಿಗಳಾದುವು. ಅನಂತರ ತೋಡಿರಾಗದ ಆಲಾಪನೆಯನ್ನು ಕೈಗೊಂಡರು. ಮಂದ್ರದಲ್ಲಿ ನೆಲೆ ನಿಂತು, ಒಂದೊಂದೇ ಸ್ವರವನ್ನು ತೆರೆಯುತ್ತ ಮೇಲೇರಿ, ತಾರಸ್ಥಾಯಿಯ ಷಡ್ಜದ ಬಾಗಿಲಿಗೆ ಬಂದಿದ್ದರು. ಆ ಸಮಯಕ್ಕೆ ಸರಿಯಾಗಿ ಹೊರಗೆ ಮೋಟಾರಿನ ಶಬ್ದವಾಯಿತು. ಮುಖ್ಯ ಅತಿಥಿಗಳಾಗಿ ಬರಬೇಕಾಗಿದ್ದ ದೊಡ್ಡ ಅಧಿಕಾರಿಗಳು ಬಂದರು. ಸಭೆಯ ಕಾರ್ಯದರ್ಶಿಗಳು ವೇದಿಕೆಯನ್ನು ಹತ್ತಿ ವಿದ್ವಾಂಸರ ಕಿವಿಯಲ್ಲಿ ಏನನ್ನೋ ಹೇಳಿದರು. ಅವರು ಹಾಡನ್ನು ನಿಲ್ಲಿಸಿದರು. ಹಿಂದೆ ಕುಳಿತಿದ್ದ ಹುಡುಗಿ ಮಾತ್ರ ಏನೂ ತೋಚದೆ ತಂಬೂರಿಯನ್ನು ಮೀಟುತ್ತಲೇ ಇದ್ದಳು.

ಮುಂದೆ ಐವತ್ತು ನಿಮಿಷಗಳ ಕಾಲ ಹಾರಗಳೂ ಶಾಲುಗಳೂ ಹಣ್ಣಿನ ಬುಟ್ಟಿಗಳೂ ಐದು ಭಾಷಣಗಳೂ ಸಂದುವು. ಶಾಲು ಹೊದಿಸಿಕೊಂಡವರಲ್ಲಿ ನಾವೂ ಒಬ್ಬರು; ಭಾಷಣ ಮಾಡಿದವರಲ್ಲಿಯೂ ಒಬ್ಬರು. ಸಂಗೀತವು ನಮ್ಮ ನಾಡಿನ ಜೀವನಾಡಿಯೆಂದು ನಾವು ಹೇಳಿದೆವು; ಕೈತಟ್ಟಿದರು. ಮುಖ್ಯ ಅತಿಥಿಗಳು ತಮ್ಮ ಭಾಷಣ ಮುಗಿದೊಡನೆ ಹೊರಟರು. ಅವರ ಹಿಂದೆ ಮುಂದಿನ ಎರಡು ಸಾಲುಗಳೂ ಖಾಲಿಯಾದುವು. ವಿದ್ವಾಂಸರು ಮತ್ತೆ ಆಲಾಪನೆಗೆ ಹೋಗಲಿಲ್ಲ, ನೇರವಾಗಿ ಕೃತಿಯನ್ನೆತ್ತಿಕೊಂಡರು. ತನಿಯಾವರ್ತನದ ಹೊತ್ತಿಗೆ ಕಾರ್ಯದರ್ಶಿಗಳು ದೂರದಿಂದಲೇ ಗಡಿಯಾರವನ್ನು ತೋರಿಸಿದರು. ಮೃದಂಗದವರೂ ಘಟದವರೂ ಒಂದೊಂದು ಸುತ್ತು ನುಡಿಸಿ ಮುಗಿಸಿಬಿಟ್ಟರು. ಸಭೆ ಚೆದರಿದ ಮೇಲೆ, ರಾತ್ರಿಯೆಲ್ಲ ಬಸ್ಸಿನಲ್ಲಿ ಪ್ರಯಾಣ ಮಾಡಿ ಬಂದಿದ್ದ ಘಟದ ತರುಣನನ್ನು ಕಂಡು, "ಬಹಳ ಚೆನ್ನಾಗಿತ್ತಪ್ಪ" ಎಂದೆವು. ಆತನು ಕೈಮುಗಿದು, "ಏನು ಚೆನ್ನಾಗಿತ್ತು ಸ್ವಾಮೀ? ನಾನು ನುಡಿಸಲೇ ಇಲ್ಲವಲ್ಲ" ಎಂದನು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಇತರರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ಪಾಲಿನ ತಪ್ಪನ್ನು ಒಪ್ಪಿಕೊಳ್ಳುವುದು ಧರ್ಮವೆಂದು ಇದನ್ನು ಮೊದಲೇ ಬರೆದಿದ್ದೇವೆ.

ಪೂರ್ವಿಕರ ಮತ

ಸಭಿಕರ ಧರ್ಮವೆಂಬುದು ಪಾಶ್ಚಾತ್ಯರಿಂದ ನಾವು ಕಲಿಯಬೇಕಾದ ವಿದ್ಯೆಯೆಂದು ಕೆಲವರು ತಿಳಿದಿರುವರು. ಇದು ಸರಿಯಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಕುರಿತೇ ಒಂದು ಅಧ್ಯಾಯವಿದೆ. ಅದರಲ್ಲಿ ಸಿದ್ಧಿಯನ್ನು ಮಾನುಷಿ, ದೈವಿ ಎಂದು ಎರಡು ಬಗೆಯಾಗಿ ವಿಂಗಡಿಸಿದೆ. ಸಭಿಕರು ಮುಗುಳ್ನಗುವುದು, ನಗುವುದು, 'ಸಾಧು' ಎನ್ನುವುದು, 'ಅಹೋ' ಎನ್ನುವುದು, ಕರುಣರಸದಲ್ಲಿ 'ಕಷ್ಟಂ' ಎಂದು ಉದ್ಗರಿಸುವುದು, ಮೈನವಿರೇಳುವುದು, ಆಸನದಿಂದೇಳುವುದು, ಮೈಮೇಲಿನ ವಸ್ತ್ರವನ್ನೂ ಬೆರಳಿನ ಉಂಗುರವನ್ನೂ ಕೊಡುವುದು, ಇವೆಲ್ಲವೂ ಮಾನುಷಿ ಸಿದ್ಧಿಯ ಲಕ್ಷಣಗಳು. ಇವನ್ನು ಮುನಿಯು ನಿಂದಿಸಲಿಲ್ಲ, ಒಪ್ಪಿಕೊಂಡನು. ಆದರೆ ಇವಕ್ಕಿಂತ ಮೇಲಾದುದೊಂದನ್ನು ಹೇಳಿದನು. ರಂಗವು ಜನರಿಂದ ತುಂಬಿರಬೇಕು. ಆದರೂ ಅಲ್ಲಿ ಶಬ್ದವಿರಬಾರದು, ಅಲುಗಾಟವಿರಬಾರದು, ಯಾವ ಉತ್ಪಾತದ ಸೂಚನೆಯೂ ಇರಬಾರದು. ಅದೇ ದೈವಿ ಸಿದ್ಧಿ.

ಬರಿದಾದ ಮಂದಿರದ ಮೌನಕ್ಕೆ ಬೆಲೆಯಿಲ್ಲ. ತುಂಬಿದ ಮಂದಿರದ ಮೌನವೇ ಮೌನ. ಇಷ್ಟು ಸೂಕ್ಷ್ಮವಾಗಿ ಸಭೆಯ ಹೃದಯವನ್ನು ಕಂಡವರ ಸಂತತಿಯವರು ನಾವು.

ಅದೇ ಅಧ್ಯಾಯದಲ್ಲಿ ಸಿದ್ಧಿಗೆ ಬರತಕ್ಕ ಘಾತಗಳನ್ನೂ ಎಣಿಸಿದೆ. ದೈವದಿಂದ ಬರುವುವು ಕೆಲವು, ಪ್ರಯೋಗ ಮಾಡುವವರಿಂದಲೇ ಬರುವುವು ಕೆಲವು, ಶತ್ರುಗಳಿಂದ ಬರುವುವು ಕೆಲವು. ಶತ್ರುಗಳು ಮಾಡುವ ಘಾತಗಳಲ್ಲಿ ಅತಿಯಾಗಿ ನಗುವುದು, ಗದ್ದಲವೆಬ್ಬಿಸುವುದು, ಸಗಣಿಯನ್ನೂ ಮಣ್ಣಹೆಂಟೆಯನ್ನೂ ಎಸೆಯುವುದು, ಸಭೆಯಲ್ಲಿ ಇರುವೆಗಳನ್ನು ಬಿಡುವುದು ಸೇರಿವೆ. ಈಗ ಸಂಗೀತದ ಸಭೆಗೆ ಇರುವೆ ಬಿಡುವ ಶತ್ರುಗಳಿಲ್ಲ. ಆ ಕೆಲಸವನ್ನು ನಮ್ಮ ಜೇಬಿನಲ್ಲಿ ಬಡಿದುಕೊಳ್ಳುವ ಮೊಬೈಲುಗಳೂ ನಮ್ಮ ನಾಲಗೆಗಳೂ ಸ್ನೇಹಭಾವದಿಂದಲೇ ನೆರವೇರಿಸಿಕೊಡುತ್ತಿರುವುವು.

ಮೌನವೊಂದೇ ಮರ್ಯಾದೆಯೇ?

ಹಾಗೆಂದು ಕಲ್ಲಿನಂತೆ ಕುಳಿತಿರಬೇಕೆಂಬುದು ನಮ್ಮ ವಾದವಲ್ಲ. ಇಂದು ಯೂರೋಪಿನ ಸಂಗೀತಶಾಲೆಗಳಲ್ಲಿ ಒಂದು ಕೃತಿಯ ಖಂಡಗಳ ನಡುವೆ ಕೈತಟ್ಟಿದವರನ್ನು ನೆರೆಯವರು ದುರುಗುಟ್ಟಿ ನೋಡುವರು. ಆದರೆ ಅಲ್ಲಿಯೂ ಇದು ಅನಾದಿಯಿಂದ ಬಂದ ಪದ್ಧತಿಯಲ್ಲ. 1778ರಲ್ಲಿ ಮೊಟ್ಸಾರ್ಟನು ಪ್ಯಾರಿಸಿನಲ್ಲಿ ತನ್ನ ಹೊಸ ಸಿಂಫನಿಯೊಂದನ್ನು ನುಡಿಸಿದಾಗ ಖಂಡದ ನಡುವಿನಲ್ಲಿಯೇ ಜನ ಕೈತಟ್ಟಿದರು. ಆತನು ಅದನ್ನು ಸಂತೋಷದಿಂದ ತಂದೆಗೆ ಬರೆದು ತಿಳಿಸಿದನು. ಕತ್ತಲು ಮಾಡಿದ ಮಂದಿರ, ಉಸಿರು ಬಿಗಿಹಿಡಿದ ಸಭೆ ಎಂಬುವು ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಲಗೊಂಡ ನಡವಳಿಕೆಗಳು. 1897ರಲ್ಲಿ ವಿಯೆನ್ನಾ ನಗರದ ರಾಜಾಶ್ರಯದ ಗೀತನಾಟಕ ಶಾಲೆಯ ನಿರ್ದೇಶಕನಾದ ಮಾಹ್ಲರನು ತಡವಾಗಿ ಬಂದವರನ್ನು ಆಟದ ನಡುವೆ ಒಳಗೆ ಬಿಡಕೂಡದೆಂದು ನಿಯಮ ಮಾಡಬೇಕಾಯಿತು. ಮರ್ಯಾದೆಯೆಂಬುದು ಆಕಾಶದಿಂದಿಳಿಯುವುದಿಲ್ಲ, ಯಾರಾದರೂ ಮನಸ್ಸು ಮಾಡಿ ನೆಲೆಗೊಳಿಸಬೇಕು.

ನಮ್ಮ ಸಂಗೀತದ ಸ್ವಭಾವವು ಬೇರೆ. ಇಲ್ಲಿ ಗಾಯಕನ ಮುಂದೆ ಬರೆದಿಟ್ಟ ಪುಟವಿಲ್ಲ. ರಾಗವನ್ನು ಆತನು ಆ ಗಳಿಗೆಯಲ್ಲಿ ಕಟ್ಟುತ್ತಿರುವನು. ಕೇಳುವವನ ತಲೆದೂಗು, ಒಂದು 'ಆಹಾ', ಒಂದು 'ಭಲೇ' ಆತನ ಮುಂದಿನ ಸಂಚಾರಕ್ಕೆ ಎಣ್ಣೆಯೆರೆದಂತೆ. ಹುಬ್ಬಳ್ಳಿ ಧಾರವಾಡಗಳ ಬೈಠಕ್ಕುಗಳಲ್ಲಿ ಖ್ಯಾಲಿನ ಬಂದಿಷು ಬಳಸಿಕೊಂಡು ಬಂದು ಸಮ್ಮಿಗೆ ಬಿದ್ದಾಗ ಇಡೀ ಸಭೆಯ ತಲೆ ಒಂದೇ ಬಾರಿ ಅಲ್ಲಾಡುವುದನ್ನು ಕಂಡವರು ಮರೆಯಲಾರರು. ಅದು ಗದ್ದಲವಲ್ಲ, ಉತ್ತರ. ಗಾಯಕನು ಕೇಳಿದ ಪ್ರಶ್ನೆಗೆ ಸಭೆ ಕೊಟ್ಟ ಉತ್ತರ. ಆದರೆ ಉತ್ತರವು ಪ್ರಶ್ನೆಯನ್ನು ಕೇಳಿದವನಿಂದ ಮಾತ್ರ ಬರಬೇಕು. ಪಕ್ಕದವರೊಡನೆ ಮನೆಯ ಬಾಡಿಗೆಯ ವಿಚಾರವನ್ನಾಡುತ್ತಿದ್ದು, ನಾಲ್ವರು ಕೈತಟ್ಟಿದ ಕೂಡಲೇ ತಾವೂ ತಿರುಗಿ 'ಭಲೇ' ಎನ್ನುವವರು ಹಾಡುವವನಿಗೆ ತಿಳಿಯುವುದಿಲ್ಲವೆಂದು ಭಾವಿಸಿದ್ದರೆ ಅದು ಭ್ರಮೆ.

1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಸಹಾಯಾರ್ಥವಾಗಿ ನಡೆದ ಕಚೇರಿಯಲ್ಲಿ ಪಂಡಿತ ರವಿಶಂಕರರೂ ಉಸ್ತಾದ್ ಅಲಿ ಅಕ್ಬರ್ ಖಾನರೂ ವಾದ್ಯಗಳನ್ನು ಶ್ರುತಿ ಮಾಡಿ ಮುಗಿಸಿದೊಡನೆ ಸಾವಿರಾರು ಜನ ಕೈತಟ್ಟಿದರು. ಶ್ರುತಿ ಮಾಡುವುದೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತೆಂದು ರವಿಶಂಕರರು ನಗುತ್ತ ಹೇಳಿದರು. ಈ ಕಥೆಯನ್ನು ಹೇಳಿ ನಾವು ನಗುವುದುಂಟು. ಆದರೆ ಆ ಪರದೇಶದವರು ಅರಿಯದೆಯಾದರೂ ಶ್ರುತಿ ಮಾಡುವುದನ್ನೇ ಕಿವಿಗೊಟ್ಟು ಕೇಳಿದ್ದರು. ಅರಿತವರಾದ ನಾವು ಆಲಾಪನೆಯನ್ನೂ ಕೇಳದೆ ಮಾತನಾಡುತ್ತಿರುವೆವು. ನಗತಕ್ಕವರು ಯಾರು?

ರಾಜಾಶ್ರಯದಿಂದ ಪ್ರಜಾಶ್ರಯಕ್ಕೆ

ಇದನ್ನು ಸಣ್ಣ ವಿಷಯವೆಂದು ಎಣಿಸುವವರಿಗೆ ಒಂದು ಮಾತು ಹೇಳಬೇಕಾಗಿದೆ. ಹಿಂದೆ ಸಂಗೀತಕ್ಕೆ ಅರಮನೆಯೂ ದೇವಾಲಯವೂ ಆಶ್ರಯವಾಗಿದ್ದುವು. ಕೇಳುವವರು ಕೆಲವರು, ಕೊಡುವವರು ಒಬ್ಬರು. ಇಪ್ಪತ್ತನೆಯ ಶತಮಾನದಲ್ಲಿ ಸ್ಥಿತಿ ಬದಲಾಯಿತು. ಬೆಂಗಳೂರಿನ ಗಾಯನ ಸಮಾಜವು 1905ರಲ್ಲಿ ಹುಟ್ಟಿತು. 1927ರಲ್ಲಿ ಮದರಾಸಿನ ಕಾಂಗ್ರೆಸ್ ಮಹಾಧಿವೇಶನದ ಜೊತೆಯಲ್ಲಿ ಅಖಿಲ ಭಾರತ ಸಂಗೀತ ಪರಿಷತ್ತು ಸೇರಿತು. ಅದರ ಫಲವಾಗಿ 1928ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಆರಂಭವಾಯಿತು. ಬೆಂಗಳೂರಿನ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಲಿಯು 1939ರಿಂದ ರಾಮನವಮಿಯ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದಿದೆ. ಸ್ವರಾಜ್ಯದ ಆಂದೋಲನವೂ ಸಾರ್ವಜನಿಕ ಸಂಗೀತಸಭೆಯೂ ಅಕ್ಕಪಕ್ಕದಲ್ಲಿಯೇ ಬೆಳೆದುವು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಆ ಮಹಾಸಭೆಯಲ್ಲಿ, ಸ್ವಾಗತಗೀತವನ್ನು ಹಾಡಿದ ಬಾಲೆಯರಲ್ಲಿ ಗಂಗೂಬಾಯಿ ಹಾನಗಲ್ಲರೂ ಒಬ್ಬರಾಗಿದ್ದರು.

ಇದರ ಅರ್ಥವೇನು? ರಾಜನು ಕುಳಿತಿದ್ದ ಸ್ಥಾನದಲ್ಲಿ ಈಗ ನಾವು ಕುಳಿತಿದ್ದೇವೆ. ಆಶ್ರಯ ಕೊಡುವವರೂ ನಾವೇ, ಸಭಾಮರ್ಯಾದೆಯನ್ನು ನಡೆಸಬೇಕಾದವರೂ ನಾವೇ. ಟಿಕೀಟಿನ ಹಣವನ್ನು ಕೊಟ್ಟವನು ಕೊಂಡದ್ದು ಒಂದು ಕುರ್ಚಿಯನ್ನೇ ಹೊರತು ಕಲಾವಿದನನ್ನಲ್ಲ, ನೆರೆಯವನ ಕಿವಿಯನ್ನಂತೂ ಅಲ್ಲ. ಮೂರು ಗಂಟೆಗಳ ಕಾಲ ಒಂದು ಮಂದಿರದಲ್ಲಿ ತಮ್ಮನ್ನು ತಾವು ಆಳಿಕೊಳ್ಳಲಾರದವರು ದೇಶವನ್ನಾಳಿಕೊಳ್ಳುವ ಮಾತನ್ನು ಯಾವ ಬಾಯಿಂದ ಆಡುವರು?

ಬಾಲ್ಯದಲ್ಲಿ ನಮ್ಮ ತೀರ್ಥರೂಪರವರು ನಮ್ಮನ್ನು ರಾಮನವಮಿಯ ಚಪ್ಪರಗಳಿಗೆ ಕರೆದೊಯ್ಯುತ್ತಿದ್ದರು. ಟಿಕೀಟಿಗೆ ಹಣವಿಲ್ಲದಿದ್ದುದರಿಂದ ತಡಿಕೆಯ ಹೊರಗೆ, ರಸ್ತೆಯ ಬದಿಯಲ್ಲಿ ಪಂಚೆಯನ್ನು ಹಾಸಿ ಕುಳಿತು ಕೇಳುತ್ತಿದ್ದೆವು. ಗುಮಾಸ್ತರು, ಮೇಷ್ಟರುಗಳು, ಅಂಗಡಿಯನ್ನು ಮುಚ್ಚಿ ಬಂದವರು, ಜಟಕಾಗಾಡಿಯವರು ಅಲ್ಲಿರುತ್ತಿದ್ದರು. ಅಲ್ಲಿ ಮಾತನಾಡಿದ ಹುಡುಗನಿಗೆ ಯಾರ ಮಗನೆಂದು ನೋಡದೆ ಯಾರಾದರೂ ಗದರುತ್ತಿದ್ದರು. ಒಳಗಿನ ಮುಂದಿನ ಸಾಲಿನವರಿಗಿಂತ ಹೊರಗಿನ ರಸ್ತೆಯವರು ಒಳ್ಳೆಯ ಸಭಿಕರಾಗಿದ್ದರೆಂಬುದು ಈಗ, ಒಳಗಿನ ಮುಂದಿನ ಸಾಲಿಗೆ ಬಂದಮೇಲೆ, ನಮಗೆ ಗೊತ್ತಾಗಿದೆ.

ಧ್ವನಿವರ್ಧಕದ ಮಾಯೆ

ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದುದು ಮೈಕಿಲ್ಲದ ಕಾಲದಲ್ಲಿ, ನಾದವು ದೊಡ್ಡ ಸಭೆಯ ಕಟ್ಟಕಡೆಯವರೆಗೆ ಮುಟ್ಟಲಿ ಎಂದು. ಆಗ ಸಭೆ ಮೌನವಾಗಿರದಿದ್ದರೆ ಹಿಂದಿನವರಿಗೆ ಏನೂ ಕೇಳುತ್ತಿರಲಿಲ್ಲ. ಆದಕಾರಣ ಒಬ್ಬರನ್ನೊಬ್ಬರು ಸುಮ್ಮನಿರಿಸುತ್ತಿದ್ದರು. ಮೈಕು ಬಂದಮೇಲೆ ಆ ಅಗತ್ಯ ತಪ್ಪಿತು. ನಾವು ಮಾತನಾಡಿದರೂ ಹಾಡು ಕೇಳುವುದು. ನಾದ ಬೆಳೆಯಿತು, ಕಿವಿ ಸಣ್ಣದಾಯಿತು. ಪಾಲ್ಘಾಟ್ ಮಣಿ ಅಯ್ಯರಂತಹ ಮೃದಂಗ ಸಾರ್ವಭೌಮರು ಮೈಕಿಲ್ಲದೆಯೇ ಕಚೇರಿ ನಡೆಯಬೇಕೆಂದು ಕೆಲವು ಕಾಲ ಹಟ ಹಿಡಿದಿದ್ದರು. ಅದು ಹಳೆಯ ಕಾಲದವರ ಮೊಂಡುತನವೆಂದು ಹಲವರು ತಿಳಿದರು. ಕೇಳುವವರ ಕಿವಿಯನ್ನು ಉಳಿಸುವ ಪ್ರಯತ್ನವೂ ಅದರಲ್ಲಿದ್ದಿತೆಂದು ನಾವು ತಿಳಿಯುತ್ತೇವೆ.

ತನಿಯ ಹೊತ್ತು

ಎಲ್ಲಕ್ಕಿಂತ ಶೋಚನೀಯವಾದುದು ತನಿಯಾವರ್ತನದ ಹೊತ್ತಿನ ದೃಶ್ಯ. ಪ್ರಧಾನ ಕೃತಿಯಲ್ಲಿ ನೆರವಲು ಸ್ವರಗಳು ಮುಗಿದು ಗಾಯಕರು ಮೃದಂಗದವರ ಕಡೆ ತಿರುಗಿದೊಡನೆ ಸಭೆಯ ಕಾಲುಭಾಗವು ಕಾಫಿಗೆ ಏಳುವುದು. ಅಲ್ಲಿಯವರೆಗೆ ಎರಡು ಗಂಟೆಗಳ ಕಾಲ ಗಾಯಕರ ನೆರಳಿನಂತೆ ನಡೆದ ಪಕ್ಕವಾದ್ಯದವರಿಗೆ ತಮ್ಮ ಮಾತನ್ನು ತಾವು ಹೇಳಿಕೊಳ್ಳಲು ಸಿಕ್ಕುವುದು ಆ ಹತ್ತು ಹದಿನೈದು ನಿಮಿಷಗಳು ಮಾತ್ರ. ಮೃದಂಗವು ಒಂದು ಲೆಕ್ಕವನ್ನು ಹೇಳುವುದು. ಘಟವೋ ಖಂಜಿರವೋ ಅದಕ್ಕೆ ಪ್ರತ್ಯುತ್ತರ ಕೊಡುವುದು. ಸುತ್ತುಗಳು ಅರ್ಧರ್ಧವಾಗಿ ಕಿರಿದಾಗುತ್ತ ಬಂದು, ಇಬ್ಬರೂ ಮೋಹರದಲ್ಲಿ ಕೂಡಿ, ಮುಕ್ತಾಯವನ್ನು ಮೂರು ಬಾರಿ ನುಡಿಸಿ, ಗಾಯಕರು ಬಿಟ್ಟುಹೋಗಿದ್ದ ಎತ್ತುಗಡೆಯ ಜಾಗಕ್ಕೆ ಕೂದಲೆಳೆಯಷ್ಟೂ ತಪ್ಪದೆ ಬಂದು ಹಾಡನ್ನು ಹಿಂದಿರುಗಿಸಬೇಕು. ತಾಳವನ್ನು ಹಾಕಿಕೊಂಡು ಕುಳಿತವನಿಗೆ ಇದು ಮೈನವಿರೇಳಿಸುವ ಅನುಭವ. ಕಾಫಿ ಕುಡಿದು ಹಿಂದಿರುಗಿದವನಿಗೆ ಬರಿಯ ಕೊನೆಯ ಚಪ್ಪಾಳೆ.

ಇದರಿಂದಾಗುವ ಹಾನಿ ಒಂದು ಸಂಜೆಯದಲ್ಲ. ಜನ ಏಳುವರೆಂದು ತಿಳಿದ ಗಾಯಕನು ತನಿಯನ್ನು ಮೊಟಕು ಮಾಡುವನು. ಆಲಾಪನೆಯ ವೇಳೆ ಜನ ಮಾತನಾಡುವರೆಂದು ತಿಳಿದವನು ಆಲಾಪನೆಯನ್ನು ಕಿರಿದು ಮಾಡುವನು. ರಾಗ ತಾನ ಪಲ್ಲವಿಗೆ ಸಹನೆಯಿಲ್ಲವೆಂದು ಕಂಡವನು ಅದನ್ನು ಬಿಟ್ಟು ಚಿಕ್ಕ ಚಿಕ್ಕ ಹಾಡುಗಳನ್ನು ಹೆಚ್ಚಿಸುವನು. ಹಿಂದೆ ದೀರ್ಘವಾಗಿ ನಡೆಯುತ್ತಿದ್ದ ಕಚೇರಿಗೆ ಅರಿಯಕುಡಿ ರಾಮಾನುಜಯ್ಯಂಗಾರ್ಯರು ವರ್ಣದಿಂದ ಮಂಗಳದವರೆಗೆ ಒಂದು ಅಚ್ಚುಕಟ್ಟಾದ ಕ್ರಮವನ್ನು ನೆಲೆಗೊಳಿಸಿದರು. ಅದು ಕೇಳುವವರ ಅಭಿರುಚಿಯನ್ನು ಗೌರವಿಸಿ ಮಾಡಿದ ವ್ಯವಸ್ಥೆ. ಈಗ ನಾವು ಮಾಡಿಸುತ್ತಿರುವುದು ಕೇಳದವರ ಅಸಹನೆಗೆ ಹೆದರಿ ಆಗುತ್ತಿರುವ ಮೊಟಕು. ವಿದ್ವತ್ತು ಕಡಿಮೆಯಾಯಿತೆಂದು ನಾಳೆ ದೂರುವವರು ಅದನ್ನು ಕಡಿಮೆ ಮಾಡಿದವರು ಯಾರೆಂಬುದನ್ನೂ ಯೋಚಿಸಲಿ.

ಸಭಿಕರಲ್ಲಿ ವಿಜ್ಞಾಪನೆ

ಆಚರಣೆಯ ವಿಷಯದಲ್ಲಿ ನಾವು ಕೇಳಿಕೊಳ್ಳತಕ್ಕದ್ದು ಬಹಳವಿಲ್ಲ. ವರ್ಣವು ಆರಂಭವಾಗುವ ಮೊದಲು ಕುಳಿತುಕೊಳ್ಳುವುದು. ತಡವಾದರೆ ಒಂದು ಕೃತಿ ಮುಗಿಯುವವರೆಗೆ ಬಾಗಿಲ ಬಳಿ ನಿಂತಿರುವುದು. ಹೊರಡಲೇಬೇಕಾದವರು ಎರಡು ಹಾಡುಗಳ ನಡುವೆ ಏಳುವುದು. ಮಂಗಳವೆಂಬುದು ಚಪ್ಪಲಿ ಹುಡುಕುವ ಸಂಕೇತವಲ್ಲ. ಅದು ಮುಗಿಯುವವರೆಗೆ ಕುಳಿತಿರುವುದು. ಮೊಬೈಲನ್ನು ಮನೆಯಲ್ಲಿ ಬಿಡಲಾಗದಿದ್ದರೆ ಅದರ ಬಾಯನ್ನು ಮುಚ್ಚಿಡುವುದು. ಅದರ ಬೆಳಕೂ ಹಿಂದಿನವನ ಕಣ್ಣಿಗೆ ಶಬ್ದವೇ ಎಂಬುದನ್ನು ನೆನೆಯುವುದು. ಅಪ್ಪಣೆಯಿಲ್ಲದೆ ಧ್ವನಿಯನ್ನೂ ಚಿತ್ರವನ್ನೂ ಹಿಡಿಯದಿರುವುದು. ತಾಳ ಹಾಕುವುದು ರಸಿಕನ ಹಕ್ಕು. ಆದರೆ ತನ್ನ ತೊಡೆಯ ಮೇಲೆ, ತನಗೆ ಮಾತ್ರ ಕೇಳುವಂತೆ. ಮಿಶ್ರಚಾಪಿನ ಹಾಡಿಗೆ ಆದಿತಾಳವನ್ನು ಕುರ್ಚಿಯ ಕೈಮೇಲೆ ಬಾರಿಸುವವರಿಂದ ಸುತ್ತಲಿನ ಹತ್ತು ಜನರ ಲಯ ಕೆಡುವುದು. ಗಾಯಕರೊಡನೆ ತಾವೂ ಹಾಡಿಕೊಳ್ಳುವವರಿಗೆ ನಮ್ಮ ಪ್ರಾರ್ಥನೆ ಇಷ್ಟೆ: ನೆರೆಯವರು ಬಂದಿರುವುದು ನಿಮ್ಮನ್ನು ಕೇಳುವುದಕ್ಕಲ್ಲ.

ಚೀಟಿ ಕಳುಹಿಸುವ ಪದ್ಧತಿಯನ್ನು ಪೂರ್ಣವಾಗಿ ನಿಲ್ಲಿಸಬೇಕೆಂದು ನಾವು ಹೇಳೆವು. ರಸಿಕನ ಕೋರಿಕೆಯನ್ನು ನಡೆಸಿಕೊಡುವುದರಲ್ಲಿ ಒಂದು ಸೊಗಸಿದೆ. ಆದರೆ ಹಾಡಿನ ನಡುವೆ ಚೀಟಿಯನ್ನು ಕೈಯಿಂದ ಕೈಗೆ ದಾಟಿಸುವುದೂ, ಕಲ್ಯಾಣಿಯನ್ನು ಹಾಡುತ್ತಿರುವವರಿಗೆ ಕಲ್ಯಾಣಿಯನ್ನೇ ಹಾಡಿರೆಂದು ಬರೆದು ಕಳುಹಿಸುವುದೂ ಅದರಲ್ಲಿ ಸೇರಿಲ್ಲ. ಮಕ್ಕಳನ್ನು ಕರೆತರಬೇಡಿರೆಂದೂ ಹೇಳೆವು, ತಪ್ಪದೆ ಕರೆತನ್ನಿರಿ. ಆದರೆ ಅಂಚಿನ ಕುರ್ಚಿಯಲ್ಲಿ ಕುಳ್ಳಿರಿಸಿ, ಬೇಸರವಾದ ಕೂಡಲೇ ಎತ್ತಿಕೊಂಡು ಹೊರಗೆ ಹೋಗಿರಿ. ಮುಂದಿನ ಸಭೆಗೆ ಸಭಿಕರು ಬರಬೇಕಾದುದು ಆ ಮಕ್ಕಳಿಂದಲೇ.

ಕಾರ್ಯಕರ್ತರಲ್ಲಿಯೂ ಅಧಿಕಾರಿಗಳಲ್ಲಿಯೂ

ಸಭೆಗಳ ಕಾರ್ಯಕರ್ತರ ಕಷ್ಟವನ್ನು ನಾವು ಬಲ್ಲೆವು. ಹಣ ಬೇಕು, ಮಂದಿರ ಬೇಕು, ಅಪ್ಪಣೆಗಳು ಬೇಕು. ಆದಕಾರಣ ದೊಡ್ಡವರನ್ನು ಮೆಚ್ಚಿಸಬೇಕು. ಆದರೆ ಸನ್ಮಾನವನ್ನು ಕಚೇರಿಯ ಮುಂಚೆಯೋ ಮಂಗಳದ ಅನಂತರವೋ ಇಟ್ಟುಕೊಳ್ಳಬಾರದೆಂದು ಯಾವ ಶಾಸ್ತ್ರ ಹೇಳುವುದು? ಮುಖ್ಯ ಅತಿಥಿಗಳು ತಡವಾಗಿ ಬಂದರೆ ಬರಲಿ, ಬಂದು ಕೇಳಲಿ. ರಾಗವು ಅವರಿಗಾಗಿ ನಿಲ್ಲಬೇಕಾಗಿಲ್ಲ. ಬಾಗಿಲನ್ನು ಕೃತಿಯ ನಡುವೆ ಮುಚ್ಚಿಡುವ ಧೈರ್ಯವನ್ನು ಒಂದು ಸಭೆಯಾದರೂ ತೋರಲಿ. ಮೊದಲ ವಾರ ಗೊಣಗುವರು, ಎರಡನೆಯ ವಾರ ಹೊತ್ತಿಗೆ ಬರುವರು.

ನಮ್ಮ ವಾಚಕರಲ್ಲಿ ಅಧಿಕಾರಸ್ಥಾನದಲ್ಲಿರತಕ್ಕ ಮಹನೀಯರು ಅನೇಕರಿದ್ದಾರೆ. ಅವರಲ್ಲಿ ಸಂಗೀತಾಭಿಮಾನಿಗಳು ಕಡಿಮೆಯಿಲ್ಲ; ಎಷ್ಟೋ ಮಂದಿ ಕಾರ್ಯಕರ್ತರ ಬಲವಂತಕ್ಕಾಗಿ ಸಂಕೋಚದಿಂದಲೇ ವೇದಿಕೆಯನ್ನು ಹತ್ತುವರೆಂಬುದೂ ನಮಗೆ ಗೊತ್ತು. ಅವರ ಕೈಯಲ್ಲಿ ಒಂದು ಸುಲಭವಾದ ಉಪಾಯವಿದೆ. ಆಹ್ವಾನವನ್ನು ಒಪ್ಪುವಾಗಲೇ, ತಮಗಾಗಿ ಹಾಡನ್ನು ನಿಲ್ಲಿಸಕೂಡದೆಂದು ಒಂದು ಮಾತು ಹೇಳಿಬಿಟ್ಟರೆ ಸಾಕು. ಕಾರ್ಯಕರ್ತರು ಬದುಕುವರು, ಕಲಾವಿದರು ಹರಸುವರು. ಅಂತಹ ಅಧಿಕಾರಿ ಮೂರನೆಯ ಸಾಲಿನಲ್ಲಿ ಕುಳಿತು ತನಿಗೆ ತಾಳ ಹಾಕುತ್ತಿದ್ದರೆ, ಅದು ಐದು ಭಾಷಣಗಳಿಗಿಂತ ಹೆಚ್ಚಿನ ಉಪಕಾರ.

ಕಲಾವಿದರಲ್ಲಿಯೂ ಒಂದು ಮಾತು. ಹೊತ್ತಿಗೆ ಸರಿಯಾಗಿ ಆರಂಭಿಸುವುದು, ಶ್ರುತಿಯನ್ನು ಮೊದಲೇ ಕೂಡಿಸಿಕೊಂಡು ಬರುವುದು, ಪಕ್ಕವಾದ್ಯದವರು ನುಡಿಸುವಾಗ ಗಾಯಕರು ತಾವೇ ತಾಳ ಹಾಕಿ ಕೇಳುವುದು, ಇವನ್ನು ಕಂಡು ಸಭೆಯೂ ಕಲಿಯುವುದು. ವೇದಿಕೆಯ ಮೇಲೆ ತನಿಯ ಹೊತ್ತಿನಲ್ಲಿ ಗಾಯಕರೇ ಮೊಬೈಲನ್ನು ನೋಡುತ್ತಿದ್ದರೆ ಕೆಳಗಿನವರಿಗೆ ಹೇಳುವ ಬಾಯಿ ಯಾರಿಗಿದೆ?

ಕೊನೆಗೆ ನಮ್ಮ ಸಂಗತಿ. ಆ ರಾಮನವಮಿಯ ಶಾಲು ನಮ್ಮ ಮನೆಯಲ್ಲಿದೆ. ಅದನ್ನು ಇನ್ನೂ ಹೊದೆದಿಲ್ಲ. ಯಾವ ಸಭೆಯವರು ಕರೆದರೂ ಬರುವೆವು. ಆದರೆ ಹಾಡು ಆರಂಭವಾದಮೇಲೆ ಮಂಗಳವಾಗುವವರೆಗೆ ನಾವು ವೇದಿಕೆಯನ್ನು ಹತ್ತುವವರಲ್ಲ, ಹಾರವನ್ನು ಸ್ವೀಕರಿಸುವವರಲ್ಲ, ಮಾತನಾಡುವವರಲ್ಲ. ಇದನ್ನು ಅಚ್ಚು ಮಾಡಿ ಹೇಳುತ್ತಿರುವುದು, ಮುಂದೆ ತಪ್ಪಿ ನಡೆದರೆ ವಾಚಕರು ಇದೇ ಪತ್ರಿಕೆಯನ್ನು ನಮ್ಮ ಮುಂದೆ ಹಿಡಿಯಲೆಂದು. ಆ ಘಟದ ತರುಣನು ಎಂದಾದರೂ ಮತ್ತೆ ನಮ್ಮ ಕಡೆಗೆ ಬಂದರೆ, ಆತನ ಸರದಿ ಬಂದಾಗ ಎದ್ದು ಹೋಗದೆ ಕುಳಿತು, ಕೊನೆಯ ಮುಕ್ತಾಯದವರೆಗೆ ಲೆಕ್ಕ ಹಾಕುತ್ತ ಕೇಳುವೆವು. ಆಗ "ಚೆನ್ನಾಗಿತ್ತು" ಎನ್ನುವ ಹಕ್ಕು ನಮಗೆ ಬಂದೀತು.